ವಾಲಿ ಬುವೊನೊ ದೊಡ್ಡ ಕೋಚ್ ಹೌದು, ಎಲ್ಲರಿಗಿಂತ ದೊಡ್ಡವರಾ?

ಕ್ಯಾಲ್ಗರಿ ಕಿಟ್ಟಿ:
ಮೊನ್ನೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು, "ಕೆನಡಾ ಫುಟ್‌ಬಾಲ್‌ನಲ್ಲಿ ಹೇಳಿಕೊಳ್ಳೋ ಅಂಥ ಕೋಚ್ ಯಾರಿದ್ದಾರೆ, ಅಮೆರಿಕದಲ್ಲಿ ಕೆಲಸ ಸಿಗದವರೇ ತಾನೇ" ಅಂದುಬಿಟ್ಟರು. ಕರೆದು ಬಡಿಸಿದ ಮೇಲೆ ಜಗಳ ಆಡಬಾರದು ಅಂತ ಸುಮ್ಮನಿದ್ದೆ. ಆ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುತ್ತೇನೆ. ವಾಲಿ ಬುವೊನೊ. ಇಟಲಿಯ ಪೊಟೆನ್ಜಾದಲ್ಲಿ ಹುಟ್ಟಿ ಮಾಂಟ್ರಿಯಲ್‌ನಲ್ಲಿ ಬೆಳೆದವರು, ನಮ್ಮ ಹಾಗೇ ಹೊರಗಿನಿಂದ ಬಂದವರು. ಮಾಂಟ್ರಿಯಲ್ ಅಲುವೆಟ್ಸ್‌ಗೆ ಹತ್ತು ವರ್ಷ ಆಡಿದರು. 1990ರಲ್ಲಿ ನಮ್ಮ ಕ್ಯಾಲ್ಗರಿ ಸ್ಟ್ಯಾಂಪೀಡರ್ಸ್‌ಗೆ ಹೆಡ್ ಕೋಚ್ ಆದರು. 13 ವರ್ಷ ಇಲ್ಲಿ. ಆಮೇಲೆ ವ್ಯಾಂಕೂವರ್‌ನ ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಲಯನ್ಸ್‌ನಲ್ಲಿ 2003ರಿಂದ 2011, ಮತ್ತೆ 2016ರಿಂದ 2018. ಒಟ್ಟು 282 ಗೆಲುವು. ಕೆನಡಾ ಫುಟ್‌ಬಾಲ್ ಲೀಗ್‌ನ ಇತಿಹಾಸದಲ್ಲಿ ಯಾವ ಕೋಚೂ ಅಷ್ಟು ಗೆದ್ದಿಲ್ಲ. ಕೋಚ್ ಆಗಿ ಐದು ಗ್ರೇ ಕಪ್ (ಲೀಗ್‌ನ ಫೈನಲ್ ಗೆದ್ದವರಿಗೆ ಸಿಗೋ ಕಪ್), ಆಟಗಾರನಾಗಿ ಎರಡು. ಇದಕ್ಕಿಂತ ದೊಡ್ಡವರು ಇದ್ದರೆ ಹೆಸರು ಹೇಳಿ, ನಾನೂ ನೋಡುತ್ತೇನೆ.

ಎಡ್ಮಂಟನ್ ಈರಣ್ಣ:
ಹೆಸರು ಬೇಕೇನ್ರೀ? ನಮ್ಮ ಎಡ್ಮಂಟನ್ ಕೋಚ್ ಹ್ಯೂ ಕ್ಯಾಂಬೆಲ್. 1978ರಿಂದ 1982. ಐದು ವರ್ಷ, ಐದು ಗ್ರೇ ಕಪ್, ಒಂದರ ಹಿಂದೆ ಒಂದು. ನಿಮ್ಮ ಬುವೊನೊ ಅವರಿಗೆ ಐದು ಗೆಲ್ಲೋಕೆ 22 ವರ್ಷ ಬೇಕಾಯಿತು. ಉತ್ತರ ಹೇಳಿ.

ಲೆಕ್ಕದ ಮೇಷ್ಟ್ರು:
"ಒಟ್ಟು 282 ಗೆಲುವು" ಅಂದಿರಿ. ಸೋಲು ಎಷ್ಟು ಅಂತ ಹೇಳಲಿಲ್ಲ. 165. ಮೂರು ಟೈ. 450 ಪಂದ್ಯ ಆಡಿಸಿದರೆ ಗೆಲುವಿನ ರಾಶಿ ಬೀಳದೆ ಇರುತ್ತಾ? ಇದೇ ಲೀಗ್‌ನ ಇನ್ನೊಬ್ಬ ಕೋಚ್ ಡಾನ್ ಮ್ಯಾಥ್ಯೂಸ್ 364 ಪಂದ್ಯದಲ್ಲಿ 231 ಗೆದ್ದರು. ನೂರಕ್ಕೆ ಲೆಕ್ಕ ಹಾಕಿದರೆ ಮ್ಯಾಥ್ಯೂಸ್ ಕೂದಲೆಳೆಯಷ್ಟು ಮುಂದೆ. ಹೆಡ್ ಕೋಚ್ ಆಗಿ ಅವರದೂ ಐದು ಗ್ರೇ ಕಪ್, ಅದೂ ನಾಲ್ಕು ಬೇರೆ ಬೇರೆ ಊರಲ್ಲಿ: ಬಿ.ಸಿ., ಬಾಲ್ಟಿಮೋರ್, ಟೊರಾಂಟೊ, ಮಾಂಟ್ರಿಯಲ್. ವರ್ಷದ ಕೋಚ್ ಪ್ರಶಸ್ತಿ ಮ್ಯಾಥ್ಯೂಸ್‌ಗೆ ಐದು, ಬುವೊನೊ ಅವರಿಗೆ ನಾಲ್ಕು. ಜಾಸ್ತಿ ದಿನ ಅಂಗಡಿ ತೆರೆದಿಟ್ಟವನೇ ದೊಡ್ಡ ವ್ಯಾಪಾರಿ ಅಂದರೆ ನಾನು ಒಪ್ಪಲ್ಲ.

ಕ್ಯಾಲ್ಗರಿ ಕಿಟ್ಟಿ:
ಬಾಲ್ಟಿಮೋರ್ ಅಂದಿರಲ್ಲ ಮೇಷ್ಟ್ರೇ, ಅಲ್ಲೇ ಸಿಕ್ಕಿಬಿದ್ದಿರಿ. 1995ರಲ್ಲಿ ಅಮೆರಿಕದ ತಂಡಗಳು ಈ ಲೀಗ್‌ನಲ್ಲಿದ್ದವು. ಕೆನಡಾದ ತಂಡಗಳು ಇಷ್ಟು ಜನ ಕೆನಡಾದವರನ್ನೇ ಆಡಿಸಬೇಕು ಅಂತ ನಿಯಮ. ಅಮೆರಿಕದ ತಂಡಗಳಿಗೆ ಆ ನಿಯಮ ಇರಲಿಲ್ಲ. ಬಾಲ್ಟಿಮೋರ್ ಸ್ಟಾಲಿಯನ್ಸ್ ಬೇಕಾದಷ್ಟು ಅಮೆರಿಕದವರನ್ನು ತುಂಬಿಕೊಂಡು ಬಂದರು. ಅವರ ಎದುರು ರೆಜೈನಾದ ಫೈನಲ್‌ನಲ್ಲಿ ಸೋತವರು ಯಾರು? ನಿಯಮ ಪಾಲಿಸಿದ ನಮ್ಮ ಕ್ಯಾಲ್ಗರಿ. 37-20. ಅದು ಒಂದು ಕಪ್ಪಾ?

ಲೆಕ್ಕದ ಮೇಷ್ಟ್ರು:
ಸರಿ, ಅದನ್ನು ಬಿಡಿ. ಡಗ್ ಫ್ಲೂಟಿ ವಿಷಯಕ್ಕೆ ಬನ್ನಿ. ಈ ಲೀಗ್ ಕಂಡ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವರು. ಬುವೊನೊ ಕೈಯಲ್ಲಿ 1992ರಿಂದ 1995, ನಾಲ್ಕು ವರ್ಷ ಇದ್ದರು. ಕಪ್ ಒಂದು. ಅದೇ ಫ್ಲೂಟಿ ಟೊರಾಂಟೊದಲ್ಲಿ ಮ್ಯಾಥ್ಯೂಸ್ ಕೈಯಲ್ಲಿ 1996, 1997, ಎರಡೇ ವರ್ಷ ಇದ್ದರು. ಕಪ್ ಎರಡು. ಒಂದೇ ಅಕ್ಕಿ, ಅಡುಗೆಯವರು ಬೇರೆ.

ಹಾಸನದ ಹುಡುಗ:
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದಲ್ವಾ? ಇಲ್ಲಿ ಒಬ್ಬರೂ ಗೋಲ್ ಬಗ್ಗೆ ಮಾತಾಡ್ತಿಲ್ಲ.

ಸರ್ರೆಯ ಸುಮಾ:
ಇದು ಬೇರೆ ಫುಟ್‌ಬಾಲ್ ತಮ್ಮಾ. ಅಮೆರಿಕದವರು ಆಡೋದರ ಅಣ್ಣ ಅನ್ನು. ಒಂದು ಕಡೆಗೆ 12 ಜನ, 110 ಗಜದ ಮೈದಾನ, 10 ಗಜ ಮುಂದೆ ಹೋಗೋಕೆ ಮೂರೇ ಅವಕಾಶ. ಅಮೆರಿಕದಲ್ಲಿ ನಾಲ್ಕು. ಹಾಗಾಗಿ ಇಲ್ಲಿ ಚೆಂಡನ್ನು ಎಸೆದೇ ಆಡಬೇಕು, ಎಸೆಯುವ ಕ್ವಾರ್ಟರ್‌ಬ್ಯಾಕ್ ಯಾರು ಅನ್ನೋದರ ಮೇಲೆ ಎಲ್ಲ ನಿಂತಿರುತ್ತೆ. ಅದನ್ನು ಆರಿಸುವವರು ಕೋಚ್. ಈಗ ನಾನು ವಿಷಯಕ್ಕೆ ಬರುತ್ತೇನೆ. ಇಪ್ಪತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. 2004. ಬಿ.ಸಿ. ಲಯನ್ಸ್. ಡೇವ್ ಡಿಕನ್‌ಸನ್‌ಗೆ ಪೆಟ್ಟಾಗಿ ಕೂತಾಗ ಕೇಸಿ ಪ್ರಿಂಟರ್ಸ್ ಅನ್ನೋ ಹೊಸ ಹುಡುಗ ಬಂದ. 5,088 ಗಜ, 35 ಟಚ್‌ಡೌನ್. ತಂಡಕ್ಕೆ 13 ಗೆಲುವು. ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಫೈನಲ್ ದಿನ ಬುವೊನೊ ಯಾರನ್ನು ಇಳಿಸಿದರು? ಡಿಕನ್‌ಸನ್! ಆರೆಂಜ್ ಕ್ಯಾಪ್ ಹಾಕಿಕೊಂಡವನನ್ನು ಫೈನಲ್‌ನಲ್ಲಿ ನೀರು ಹೊರೋಕೆ ಕಳಿಸಿದ ಹಾಗೆ. ಟೊರಾಂಟೊ 27, ಬಿ.ಸಿ. 19.

ಕ್ಯಾಲ್ಗರಿ ಕಿಟ್ಟಿ:
"ನೀರು ಹೊರೋಕೆ" ಅಂತೆ. ಪ್ರಿಂಟರ್ಸ್‌ಗೆ ಅದರ ಹಿಂದಿನ ವಾರ ರೆಜೈನಾದ ಸಸ್ಕಾಚೆವನ್ ತಂಡದ ಎದುರಿನ ವೆಸ್ಟ್ ಫೈನಲ್‌ನಲ್ಲಿ (ಗ್ರೇ ಕಪ್ ಫೈನಲ್‌ಗೆ ಮುಂಚಿನ ಸೆಮಿಫೈನಲ್ ಅನ್ನಿ) ಭುಜಕ್ಕೆ ಪೆಟ್ಟಾಗಿತ್ತು ಅಮ್ಮಾ ತಾಯಿ. ಡಿಕನ್‌ಸನ್ ಬಂದು ಓವರ್‌ಟೈಮ್‌ನಲ್ಲಿ ಗೆಲ್ಲಿಸಿದರು. ಗೆಲ್ಲಿಸಿದವನನ್ನು ಆಡಿಸಿದ್ದು ತಪ್ಪಾ?

ಸರ್ರೆಯ ಸುಮಾ:
ನಾನು ನಿಮಗೆ ತಾಯಿ ಆಗೋ ವಯಸ್ಸಿನವಳಲ್ಲ, ಅಮ್ಮಾ ತಾಯಿ ಎಲ್ಲ ಮನೆಯಲ್ಲಿ ಇಟ್ಟುಕೊಳ್ಳಿ. "ಗೆಲ್ಲಿಸಿದರು" ಅಂದಿರಲ್ಲ, ಆ ಪಂದ್ಯ ಗೆಲ್ಲಿಸಿದ್ದು ಡಿಕನ್‌ಸನ್ ಅಲ್ಲ. ಎದುರಿನ ತಂಡದ ಕಿಕರ್ ಪಾಲ್ ಮೆಕಾಲಮ್. ಓವರ್‌ಟೈಮ್‌ನಲ್ಲಿ ಬರೀ 18 ಗಜದಿಂದ ಒದೆಯಬೇಕಿತ್ತು, ತಪ್ಪಿಸಿದ. ಅದು ಹೋಗಿದ್ದರೆ ಬುವೊನೊ ಆ ವರ್ಷ ಫೈನಲ್‌ಗೇ ಬರುತ್ತಿರಲಿಲ್ಲ.

ರೆಜೈನಾ ರಾಘು:
ಯಾರಪ್ಪಾ ಇಲ್ಲಿ 18 ಗಜ ಅಂದಿದ್ದು. ಆ ಗಾಯಕ್ಕೆ ಇವತ್ತಿಗೂ ನಮ್ಮೂರಲ್ಲಿ ಮುಲಾಮು ಸಿಕ್ಕಿಲ್ಲ. ಆಗ ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ, ಆದರೆ ಬಂದ ಮೊದಲ ವಾರದಲ್ಲೇ ಆಫೀಸಿನವರು ಈ ಕಥೆ ಹೇಳಿದರು. ಮೆಕಾಲಮ್ ಮನೆಗೆ ಮೊಟ್ಟೆ ಹೊಡೆದರು. ಯಾರೋ ಸಿಟ್ಟಿನಲ್ಲಿ ಸಗಣಿ ಗೊಬ್ಬರ ತಂದು ಸುರಿದರಂತೆ, ಅದೂ ಮನೆ ತಪ್ಪಿ ಪಕ್ಕದವರ ಅಂಗಳಕ್ಕೆ. ನಮ್ಮ ಕಡೆ ಆಗಿದ್ದರೆ ಪಕ್ಕದವರು ಗದ್ದೆಗೆ ಹಾಕಿಕೊಳ್ಳುತ್ತಿದ್ದರು.

ಹಾಸನದ ಹುಡುಗ:
ಈ ಆಟ ನನಗೆ ಇಷ್ಟ ಆಗ್ತಾ ಇದೆ.

ಎಡ್ಮಂಟನ್ ಈರಣ್ಣ:
ಸಗಣಿ ವಿಷಯ ಆಮೇಲೆ. ಕ್ಯಾಂಬೆಲ್ ಐದು ಸತತ ಕಪ್ ಬಗ್ಗೆ ಕೇಳಿದ್ದೆ. ಯಾರೂ ಬಾಯಿ ಬಿಡ್ತಿಲ್ಲ.

ಲೆಕ್ಕದ ಮೇಷ್ಟ್ರು:
ಪ್ರಿಂಟರ್ಸ್ ವಿಷಯದಲ್ಲಿ ಸುಮಾ ಅವರ ಜೊತೆ ನಾನಿದ್ದೇನೆ, ಆದರೆ ಅವರು ಅರ್ಧ ಮಾತ್ರ ಹೇಳಿದರು. ಆ ಫೈನಲ್‌ನಲ್ಲಿ ಟೊರಾಂಟೊ ಕ್ವಾರ್ಟರ್‌ಬ್ಯಾಕ್ ಯಾರು? ಡೇಮನ್ ಆಲನ್. 41 ವಯಸ್ಸು. ಆ ದಿನದ ಅತ್ಯುತ್ತಮ ಆಟಗಾರ ಅವರೇ. ಆಲನ್ 2002ರವರೆಗೆ ಎಲ್ಲಿದ್ದರು? ಬಿ.ಸಿ. ಲಯನ್ಸ್‌ನಲ್ಲಿ. 2003ರಲ್ಲಿ ಬುವೊನೊ ಬಂದರು, ಆಲನ್ ಅವರನ್ನು ಟೊರಾಂಟೊಗೆ ಕೊಟ್ಟರು, ಕ್ಯಾಲ್ಗರಿಯಲ್ಲಿ ತಮ್ಮ ಕೈಕೆಳಗೆ ಬೆಳೆದ ಹಳೇ ಶಿಷ್ಯ ಡಿಕನ್‌ಸನ್ ಅವರನ್ನು ಕರೆಸಿಕೊಂಡರು. ವಯಸ್ಸಾಯಿತು ಅಂತ ಕಳಿಸಿಕೊಟ್ಟವರೇ ಬಂದು ಕಪ್ ಎತ್ತಿಕೊಂಡು ಹೋದರು. ಒಂದೇ ಪಂದ್ಯದಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಎಡವಿದ ಕೋಚ್ ಇನ್ನೊಬ್ಬರಿದ್ದರೆ ತೋರಿಸಿ.

ಕ್ಯಾಲ್ಗರಿ ಕಿಟ್ಟಿ:
"ಹಳೇ ಶಿಷ್ಯ". ಆಹಾ. ಆ ಹಳೇ ಶಿಷ್ಯ 2000ದಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಆಗಿದ್ದರು, ಅದನ್ನು ಹೇಳಲಿಲ್ಲ. 2006ರಲ್ಲಿ ಅದೇ ಬಿ.ಸಿ. ಲಯನ್ಸ್ ಗ್ರೇ ಕಪ್ ಗೆದ್ದಿತು. ಮಾಂಟ್ರಿಯಲ್ ಎದುರು 25-14. ಆ ಫೈನಲ್‌ನ ಅತ್ಯುತ್ತಮ ಆಟಗಾರ ಯಾರು ಮೇಷ್ಟ್ರೇ? ಡೇವ್ ಡಿಕನ್‌ಸನ್. ಅದೂ ಹೇಳಲಿಲ್ಲ. ಲೆಕ್ಕದ ಮೇಷ್ಟ್ರು ಅಂತ ಹೆಸರಿಟ್ಟುಕೊಂಡು ಬೇಕಾದ ಅಂಕಿ ಮಾತ್ರ ಬೋರ್ಡ್ ಮೇಲೆ ಬರೆಯುತ್ತೀರಿ.

ಸರ್ರೆಯ ಸುಮಾ:
2006 ಬಂದಿತು 2004ರ ರಕ್ಷಣೆಗೆ! ಎರಡು ವರ್ಷ ಆದ ಮೇಲೆ ಗೆದ್ದರೆ ಎರಡು ವರ್ಷದ ಹಿಂದೆ ಮಾಡಿದ್ದು ಸರಿ ಆಗಿಬಿಡುತ್ತಾ? 2005 ಯಾಕೆ ನುಂಗಿಕೊಂಡಿರಿ? ಆ ವರ್ಷ ಲಯನ್ಸ್ ಮೊದಲ 11 ಪಂದ್ಯ ಸೋಲದೆ ಗೆದ್ದಿತು. ಇಬ್ಬರು ಕ್ವಾರ್ಟರ್‌ಬ್ಯಾಕ್, ಇವತ್ತು ಇವನು, ನಾಳೆ ಅವನು. ಕೊನೆಗೆ 12-6, ಅಂದರೆ 12 ಗೆಲುವು, 6 ಸೋಲು. ಉಳಿದ ಏಳರಲ್ಲಿ ಒಂದು ಗೆಲುವು! ನಮ್ಮದೇ ಮೈದಾನದಲ್ಲಿ ವೆಸ್ಟ್ ಫೈನಲ್ ಎಡ್ಮಂಟನ್‌ಗೆ ಸೋತೆವು. ಪ್ರಿಂಟರ್ಸ್ ಅಮೆರಿಕಕ್ಕೆ ಹೋದ. ಆ ಹುಡುಗನ ಕಾಲ 2004ರಲ್ಲೇ ಮುಗಿದುಹೋಯಿತು, ಅದನ್ನು ಮುಗಿಸಿದವರು ಯಾರು ಅಂತ ಎಲ್ಲರಿಗೂ ಗೊತ್ತು.

ಕ್ಯಾಲ್ಗರಿ ಕಿಟ್ಟಿ:
ಯಾರೂ ಯಾರ ಕಾಲವನ್ನೂ ಮುಗಿಸಲ್ಲ. 2009ರಲ್ಲಿ ಪ್ರಿಂಟರ್ಸ್ ಅವರನ್ನು ಮತ್ತೆ ಬಿ.ಸಿ.ಗೆ ಕರೆತಂದವರು ಯಾರು? ಬುವೊನೊ. ಹಾಳು ಮಾಡಿದವರು ಮತ್ತೆ ಕರೆದು ಕೆಲಸ ಕೊಡ್ತಾರಾ?

ರೆಜೈನಾ ರಾಘು:
ಕರೆದು ಕೆಲಸ ಕೊಡೋದರಲ್ಲಿ ಬುವೊನೊ ನಿಸ್ಸೀಮರು, ಅದು ನಿಜ. ಆ 18 ಗಜ ತಪ್ಪಿಸಿದ ಮೆಕಾಲಮ್ ಇದ್ದರಲ್ಲ, 2006ರಲ್ಲಿ ಅವರನ್ನೂ ಕರೆದು ಲಯನ್ಸ್‌ಗೆ ಸೇರಿಸಿಕೊಂಡರು. ಆ ವರ್ಷದ ಗ್ರೇ ಕಪ್‌ನಲ್ಲಿ ಮೆಕಾಲಮ್ ಆರು ಫೀಲ್ಡ್ ಗೋಲ್ ಒದ್ದರು. ಆರು! ಅಂದರೆ 25ರಲ್ಲಿ 18 ಪಾಯಿಂಟ್ ಒದೆತದಲ್ಲೇ ಬಂತು. ಪಂದ್ಯದ ಅತ್ಯುತ್ತಮ ಕೆನಡಾ ಆಟಗಾರ. ನಾವು ಮೊಟ್ಟೆ ಹೊಡೆದು ಓಡಿಸಿದವನಿಂದ ಅವರು ಕಪ್ ಎತ್ತಿಸಿಕೊಂಡರು. ಹಾಗಾಗಿ ಕಿಟ್ಟಿ, ಆ ಕಪ್ ನಿನ್ನ ಡಿಕನ್‌ಸನ್‌ದಲ್ಲ, ನಮ್ಮ ಊರಿನ ಕಿಕರ್‌ದು. ನೀನು ಸ್ವಲ್ಪ ಓದಿಕೊಂಡು ಬಾ.

ಕ್ಯಾಲ್ಗರಿ ಕಿಟ್ಟಿ:
ಏಕವಚನ ಬೇಡ. ನನಗೆ 58 ವಯಸ್ಸು. ನಿಮ್ಮಪ್ಪನ ಜೊತೆ ಹೀಗೇ ಮಾತಾಡ್ತೀರಾ?

ರೆಜೈನಾ ರಾಘು:
ನಮ್ಮ ಮನೆಯಲ್ಲಿ ಅಪ್ಪನಿಗೂ ಏಕವಚನವೇ. ಮಂಡ್ಯ ಕಡೆಯವರು ನಾವು. ಅದರಲ್ಲಿ ಮರ್ಯಾದೆ ಕಡಿಮೆ ಏನಿಲ್ಲ.

ಕ್ಯಾಲ್ಗರಿ ಕಿಟ್ಟಿ:
ಮಂಡ್ಯದವರೆಲ್ಲ ಹೀಗೆ ಮಾತಾಡಲ್ಲ, ಮಂಡ್ಯವನ್ನು ಎಳೆದು ತರಬೇಡಿ. ನನ್ನ ಹೆಂಡತಿ ಮಂಡ್ಯದವರು.

ರೆಜೈನಾ ರಾಘು:
ಹಾಗಾದರೆ ನಿಮಗೆ ಅಭ್ಯಾಸ ಆಗಿರಬೇಕಲ್ಲ ಸ್ವಾಮಿ.

ಲೆಕ್ಕದ ಮೇಷ್ಟ್ರು:
ಇಬ್ಬರೂ ಊರ ಜಗಳ ಆಮೇಲೆ ಆಡಿಕೊಳ್ಳಿ. ನನ್ನ ಫ್ಲೂಟಿ ಪ್ರಶ್ನೆಗೆ ಉತ್ತರ ಬಂದಿಲ್ಲ. 1993, 1994, 1995. ಮೂರೂ ವರ್ಷ ಕ್ಯಾಲ್ಗರಿ 15-3. ಮೂರು ವರ್ಷದಲ್ಲಿ 45 ಗೆಲುವು, ಕಪ್ ಸೊನ್ನೆ. 1993ರಲ್ಲಿ ಗ್ರೇ ಕಪ್ ನಡೆದದ್ದೇ ಕ್ಯಾಲ್ಗರಿಯಲ್ಲಿ. ನಿಮ್ಮ ಮನೆ ಮದುವೆಗೆ ನಿಮ್ಮವರೇ ಇರಲಿಲ್ಲ. ವೆಸ್ಟ್ ಫೈನಲ್‌ನಲ್ಲೇ ಎಡ್ಮಂಟನ್ ಮುಗಿಸಿತ್ತು. 1994ರ ವೆಸ್ಟ್ ಫೈನಲ್ ಮತ್ತೆ ಕ್ಯಾಲ್ಗರಿಯಲ್ಲೇ, ಹಿಮದಲ್ಲಿ, ಬಿ.ಸಿ. ಎದುರು 37-36, ಕೊನೆಯ ಆಟದಲ್ಲಿ ಸೋಲು. ಚೆಂಡು ಹಿಡಿದು ಸೋಲಿಸಿದವರು ಡ್ಯಾರೆನ್ ಫ್ಲೂಟಿ, ಡಗ್ ಫ್ಲೂಟಿಯ ಸ್ವಂತ ತಮ್ಮ.

ಕ್ಯಾಲ್ಗರಿ ಕಿಟ್ಟಿ:
1993ರಲ್ಲಿ ಅಷ್ಟು ಚಳಿ ಇತ್ತು, ಫ್ಲೂಟಿ ಕೈ ಮರಗಟ್ಟಿ ಚೆಂಡೇ ನಿಲ್ಲುತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು:
ಎಡ್ಮಂಟನ್‌ನವರಿಗೆ ಆ ದಿನ ಬೇಸಿಗೆ ಇತ್ತಾ?

ಎಡ್ಮಂಟನ್ ಈರಣ್ಣ:
ಹ್ಹ ಹ್ಹ. ಚಲೋ ಹೇಳಿದ್ರಿ ಮೇಷ್ಟ್ರೇ. ಈಗ ಕ್ಯಾಂಬೆಲ್ ವಿಷಯಕ್ಕೆ ಬರೋಣೇನು?

ಹ್ಯಾಮಿಲ್ಟನ್ ಹೆಗಡೆ:
ಮಾರಾಯ್ರೆ, ಎಲ್ಲರೂ 90ರ ದಶಕದಲ್ಲೇ ಒದ್ದಾಡುತ್ತಿದ್ದೀರಿ. ಬುವೊನೊ ಕೊನೆಯ ಪಂದ್ಯ ನೆನಪಿದೆಯಾ? 2018ರ ನವೆಂಬರ್, ನಮ್ಮ ಹ್ಯಾಮಿಲ್ಟನ್‌ನಲ್ಲಿ. 48-8. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ, ಅರ್ಧದಲ್ಲೇ "ಅಪ್ಪಾ, ಬೋರ್ ಆಗ್ತಿದೆ, ಹೋಗೋಣ" ಅಂದಳು. ಅತಿ ದೊಡ್ಡ ಕೋಚ್ ಎಂಟು ಪಾಯಿಂಟ್ ತೆಗೆದುಕೊಂಡು ಮನೆಗೆ ಹೋದರು.

ಕ್ಯಾಲ್ಗರಿ ಕಿಟ್ಟಿ:
66 ವಯಸ್ಸಿನಲ್ಲಿ, ಮನೆಯಲ್ಲಿ ಇರಬಹುದಾಗಿದ್ದ ಮನುಷ್ಯ, ತಂಡ ಹಳ್ಳ ಹಿಡಿದಿದೆ ಅಂತ ವಾಪಸ್ ಬಂದವರು. ಕೊನೆಯ ಪಂದ್ಯ ನೋಡಿ ತೂಗುವುದಾದರೆ ಯಾವ ದೊಡ್ಡವರೂ ಉಳಿಯಲ್ಲ. ಹೆಗಡೆಯವರೇ, 1998ರ ಗ್ರೇ ಕಪ್ ನೆನಪಿದೆಯಾ? ಎದುರಿಗೆ ಇದ್ದದ್ದು ನಿಮ್ಮ ಹ್ಯಾಮಿಲ್ಟನ್. ಕೊನೆಯ ಒದೆತಕ್ಕೆ ನಾವು 26-24. ನಾನು ಕೆನಡಾಕ್ಕೆ ಬಂದು ಒಂದೇ ವರ್ಷ ಆಗಿತ್ತು. ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ, ನಿಯಮ ಒಂದೂ ಗೊತ್ತಿಲ್ಲದೆ, ಮನೆ ಮಾಲೀಕರ ಜೊತೆ ಕುಣಿದಿದ್ದೆ.

ಹ್ಯಾಮಿಲ್ಟನ್ ಹೆಗಡೆ:
ಮರು ವರ್ಷ 1999ರಲ್ಲಿ ಅದೇ ಎರಡು ತಂಡ. ಹ್ಯಾಮಿಲ್ಟನ್ 32, ಕ್ಯಾಲ್ಗರಿ 21. ಆ ದಿನ ಕುಣಿದಿರಾ?

ಸರ್ರೆಯ ಸುಮಾ:
"ತಂಡ ಹಳ್ಳ ಹಿಡಿದಿದೆ ಅಂತ ವಾಪಸ್ ಬಂದವರು" ಅಂತೆ. ತಂಡವನ್ನು ನಡೆಸಿದವರು ಯಾರು ಸ್ವಾಮಿ? 2011ರಲ್ಲಿ ಕೋಚಿಂಗ್ ಬಿಟ್ಟ ಮೇಲೂ ಜನರಲ್ ಮ್ಯಾನೇಜರ್ ಆಗಿ ಅವರೇ ಇದ್ದರು. ಬುವೊನೊ ಅಂದರೆ ಬರೀ ಕೋಚ್ ಅಲ್ಲ. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಕಳಿಸಬೇಕು, ಎಲ್ಲ ಅವರ ಕೈಯಲ್ಲೇ. ಗೆದ್ದಾಗ ಅವರ ಹೆಸರು, ಸೋತಾಗ ಚಳಿ, ಭುಜ, ಅಮೆರಿಕದ ತಂಡ, ವಯಸ್ಸು. ನಿಮ್ಮ ಪಟ್ಟಿಯಲ್ಲಿ ಗ್ರಹಚಾರ ಒಂದು ಬಾಕಿ ಇದೆ, ಸೇರಿಸಿಕೊಳ್ಳಿ.

ಕ್ಯಾಲ್ಗರಿ ಕಿಟ್ಟಿ:
ಮೇಡಂ, 2011ರ ಬಗ್ಗೆ ನೀವೇ ಹೇಳಿ. ನಿಮ್ಮ ಊರಲ್ಲೇ ಆಗಿದ್ದು. ಮೊದಲ ಐದೂ ಪಂದ್ಯ ಸೋತ ತಂಡ. ಬೇರೆ ಯಾರಾದರೂ ಆಗಿದ್ದರೆ ಕ್ವಾರ್ಟರ್‌ಬ್ಯಾಕ್ ಬದಲಾಯಿಸಿ, ಅವರ ಮೇಲೆ ಇವರ ಮೇಲೆ ಹಾಕಿ, ಸೀಸನ್ ಮುಗಿಸುತ್ತಿದ್ದರು. ಬುವೊನೊ ಟ್ರ್ಯಾವಿಸ್ ಲೂಲೆ ಅವರನ್ನೇ ಇಟ್ಟುಕೊಂಡರು. 11-7ಕ್ಕೆ ಮುಗಿಸಿ, ಹೊಸ ಛಾವಣಿ ಹಾಕಿದ ಬಿ.ಸಿ. ಪ್ಲೇಸ್‌ನಲ್ಲಿ, ತಮ್ಮ ಜನರ ಎದುರಿಗೇ ವಿನ್ನಿಪೆಗ್‌ನ 34-23ರಿಂದ ಸೋಲಿಸಿದರು. ಲೂಲೆ ಆ ಫೈನಲ್‌ನ ಅತ್ಯುತ್ತಮ ಆಟಗಾರ. ಇದು ಕೋಚಿಂಗ್ ಅಲ್ಲದಿದ್ದರೆ ಯಾವುದು ಕೋಚಿಂಗ್?

ಸರ್ರೆಯ ಸುಮಾ:
ಆ ದಿನ ನಾನು ಅಲ್ಲೇ ಇದ್ದೆ. ಗಂಟಲು ಎರಡು ದಿನ ಕೂತಿತ್ತು. ಅದು ಚೆನ್ನಾಗಿತ್ತು, ಯಾರು ಇಲ್ಲ ಅಂದರು? ಆದರೆ ನೋಡಿ, ಐದು ಸೋತರೂ ಲೂಲೆ ಮೇಲೆ ಇಟ್ಟ ನಂಬಿಕೆಯನ್ನು 2004ರಲ್ಲಿ ಪ್ರಿಂಟರ್ಸ್ ಮೇಲೆ ಇಡಲಿಲ್ಲ. ನೀವೇ ನನ್ನ ವಾದವನ್ನು ಗಟ್ಟಿ ಮಾಡಿಕೊಟ್ಟಿರಿ.

ಕ್ಯಾಲ್ಗರಿ ಕಿಟ್ಟಿ:
ಭುಜ! ಭುಜ! ಪೆಟ್ಟಾಗಿತ್ತು ಅಂತ ಎಷ್ಟು ಸಲ ಹೇಳಬೇಕು?

ಸರ್ರೆಯ ಸುಮಾ:
ಒಂದು ವಾರ ಇತ್ತು. ಹುಡುಗನಿಗೆ 23 ವಯಸ್ಸು. ಅಷ್ಟಕ್ಕೂ ಡಿಕನ್‌ಸನ್ ಆ ವರ್ಷ ಬಹುಪಾಲು ಪೆಟ್ಟಾಗಿಯೇ ಕೂತಿದ್ದವರು. ಒಬ್ಬರ ಪೆಟ್ಟು ಲೆಕ್ಕಕ್ಕೆ, ಇನ್ನೊಬ್ಬರದು ಲೆಕ್ಕಕ್ಕಿಲ್ಲ, ಅಲ್ವಾ?

ಹಾಸನದ ಹುಡುಗ:
ಒಂದು ಪ್ರಶ್ನೆ. ಕೋಚ್ ಹೆಸರು ವಾಲಿ. ಸುಗ್ರೀವ ಯಾರು?

ಲೆಕ್ಕದ ಮೇಷ್ಟ್ರು:
ಒಳ್ಳೆ ಪ್ರಶ್ನೆ. ರಾಮಾಯಣದ ವಾಲಿಗೆ ಎದುರು ನಿಂತವರ ಅರ್ಧ ಬಲ ಬರುತ್ತಿತ್ತು. ಈ ವಾಲಿಗೆ ಪ್ಲೇಆಫ್‌ನಲ್ಲಿ ತಮ್ಮದೇ ಅರ್ಧ ಬಲ ಎದುರಿನವರಿಗೆ ಹೋಗುತ್ತಿತ್ತು. ಒಂಬತ್ತು ಫೈನಲ್, ಅದರಲ್ಲಿ ನಾಲ್ಕು ಸೋಲು.

ಕ್ಯಾಲ್ಗರಿ ಕಿಟ್ಟಿ:
ಒಂಬತ್ತು ಫೈನಲ್ ಅನ್ನೋದನ್ನೂ ಬೈಗುಳ ಮಾಡಿದ ಮೊದಲ ಮನುಷ್ಯ ನೀವು. 25 ಸೀಸನ್‌ನಲ್ಲಿ ಪ್ಲೇಆಫ್ ತಪ್ಪಿದ್ದು ಎರಡೇ ಸಲ, 2002 ಮತ್ತು 2017.

ಹ್ಯಾಮಿಲ್ಟನ್ ಹೆಗಡೆ:
ಒಂಬತ್ತು ತಂಡದ ಲೀಗ್‌ನಲ್ಲಿ ಆರು ತಂಡ ಪ್ಲೇಆಫ್‌ಗೆ ಹೋಗುತ್ತವೆ ಮಾರಾಯ್ರೆ. ನಡುವೆ ಎಂಟೇ ತಂಡ ಇದ್ದ ವರ್ಷಗಳಲ್ಲೂ ಆರೇ. ಇದನ್ನು ಸಾಧನೆ ಅಂತ ಬರೆದರೆ ನಮ್ಮ ಕಾಲೋನಿಯ ರಂಗೋಲಿ ಸ್ಪರ್ಧೆಯ ಸಮಾಧಾನಕರ ಬಹುಮಾನವನ್ನೂ ಬರೆಯಬೇಕು. 2001 ನೋಡಿ. ಕ್ಯಾಲ್ಗರಿ ಎಂಟು ಗೆದ್ದು ಹತ್ತು ಸೋತಿತ್ತು. ಆದರೂ ಪ್ಲೇಆಫ್. ಆದರೂ ಕಪ್.

ಕ್ಯಾಲ್ಗರಿ ಕಿಟ್ಟಿ:
ಅದೇ! 8-10ರ ತಂಡವನ್ನು ಕಪ್‌ವರೆಗೆ ತಂದರು! ವಿನ್ನಿಪೆಗ್ ಎದುರು 27-19. ಅಷ್ಟು ಹೊತ್ತಿಗೆ ಫ್ಲೂಟಿ ಇಲ್ಲ, ಜೆಫ್ ಗಾರ್ಸಿಯಾ ಇಲ್ಲ, ಡಿಕನ್‌ಸನ್ ಕೂಡ ಇಲ್ಲ. ಮೂವರೂ ಅಮೆರಿಕಕ್ಕೆ ಹೋಗಿದ್ದರು. ಮಾರ್ಕಸ್ ಕ್ರ್ಯಾಂಡೆಲ್ ಅನ್ನೋ ಹೆಚ್ಚು ಜನಕ್ಕೆ ಗೊತ್ತಿಲ್ಲದ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಗೆದ್ದರು. ಫೈನಲ್‌ನ ಅತ್ಯುತ್ತಮ ಆಟಗಾರ ಕ್ರ್ಯಾಂಡೆಲ್. ಇಷ್ಟು ಹೊತ್ತಿಂದ ಮೇಷ್ಟ್ರು "ಫ್ಲೂಟಿ ಇದ್ದರೂ ಒಂದೇ" ಅಂತ ಕುಟ್ಟುತ್ತಿದ್ದಾರಲ್ಲ, ಐದು ಕಪ್‌ನಲ್ಲಿ ನಾಲ್ಕು ಫ್ಲೂಟಿ ಇಲ್ಲದೆ ಬಂದವು. ಮ್ಯಾಥ್ಯೂಸ್ ಐದರಲ್ಲಿ ಎರಡು ಫ್ಲೂಟಿ ಕೊಟ್ಟಿದ್ದು, ಒಂದು ಬಾಲ್ಟಿಮೋರ್ ನಿಯಮ ಕೊಟ್ಟಿದ್ದು. ಉಳಿದದ್ದು ಎರಡು. ಈಗ ಲೆಕ್ಕ ಮಾಡಿ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು:
ಹೀಗೆ ಕಳೆಯುತ್ತಾ ಹೋದರೆ 2006ರ ಕಪ್‌ನಿಂದ ಆರು ಫೀಲ್ಡ್ ಗೋಲ್ ಕಳೆಯಿರಿ. 25ರಲ್ಲಿ 18 ಹೋದರೆ 7. ಮಾಂಟ್ರಿಯಲ್ 14. ನೀವು ಸೋತಿರಿ.

ರೆಜೈನಾ ರಾಘು:
ಮೆಕಾಲಮ್‌ಗೆ ಜೈ. ಗೊಬ್ಬರ ವ್ಯರ್ಥ ಆಗಲಿಲ್ಲ.

ಎಡ್ಮಂಟನ್ ಈರಣ್ಣ:
ಮೂರನೇ ಸಲ ಕೇಳ್ತಿದ್ದೀನಿ. ಕ್ಯಾಂಬೆಲ್ ಆರು ವರ್ಷ ಕೋಚ್ ಆಗಿದ್ದರು, ಆರು ವರ್ಷವೂ ಗ್ರೇ ಕಪ್ ಫೈನಲ್. 96 ಪಂದ್ಯದಲ್ಲಿ 70 ಗೆಲುವು, 21 ಸೋಲು, ಐದು ಟೈ. ನಿಮ್ಮ ಬುವೊನೊ, ಮ್ಯಾಥ್ಯೂಸ್ ಇಬ್ಬರೂ ನೂರಕ್ಕೆ 63ರ ಹತ್ತಿರ. ಇವರು 73ರ ಹತ್ತಿರ, ಟೈಗಳನ್ನು ಗೆಲುವಿಗೆ ಸೇರಿಸದೆ. ಇನ್ನೊಂದು ಹೇಳ್ತೀನಿ, ಮೇಷ್ಟ್ರು ಹೊಗಳೋ ಮ್ಯಾಥ್ಯೂಸ್ ಆಗ ಎಡ್ಮಂಟನ್‌ನಲ್ಲಿ ಕ್ಯಾಂಬೆಲ್ ಕೈಕೆಳಗಿನ ಸಹಾಯಕ ಕೋಚ್. ಗುರುವನ್ನು ಬಿಟ್ಟು ಶಿಷ್ಯನ ಬಗ್ಗೆ ಇಷ್ಟು ಹೊತ್ತು ಬಡಿದಾಡ್ತಿದ್ದೀರಿ.

ಸರ್ರೆಯ ಸುಮಾ:
ಕಿಟ್ಟಿ ಅವರೇ, "ಫ್ಲೂಟಿ ಇಲ್ಲದೆ ನಾಲ್ಕು" ಅಂದಿರಲ್ಲ, 2004ರಲ್ಲಿ ಪ್ರಿಂಟರ್ಸ್ ಆಡಿದ್ದರೆ ಅದು ಐದಾಗುತ್ತಿತ್ತು.

ಕ್ಯಾಲ್ಗರಿ ಕಿಟ್ಟಿ:
ಸುಮಾ ಅವರೇ ನಿಮಗೆ ಕೈ ಮುಗಿಯುತ್ತೇನೆ. 2018ರಲ್ಲಿ ಕ್ಯಾಲ್ಗರಿ ಗ್ರೇ ಕಪ್ ಗೆದ್ದಾಗ ಹೆಡ್ ಕೋಚ್ ಯಾರು ಗೊತ್ತಾ? ಡೇವ್ ಡಿಕನ್‌ಸನ್. ಬುವೊನೊ ಆ ಮನುಷ್ಯನಲ್ಲಿ ಕಂಡದ್ದು ಏನು ಅಂತ ಇನ್ನೂ ಹೇಳಬೇಕಾ? ಬುವೊನೊ ಅವರ ಆಫೆನ್ಸ್ ನೋಡಿಕೊಳ್ಳುತ್ತಿದ್ದ ಜಾನ್ ಹಫ್‌ನಗಲ್ ಕ್ಯಾಲ್ಗರಿಗೆ 2008 ಮತ್ತು 2014ರಲ್ಲಿ ಕಪ್ ತಂದರು. ಕೋಚ್‌ನ ಅಳೆಯೋಕೆ ಅವರು ತಯಾರು ಮಾಡಿದ ಕೋಚ್‌ಗಳನ್ನೂ ನೋಡಬೇಕು.

ಸರ್ರೆಯ ಸುಮಾ:
ಡಿಕನ್‌ಸನ್ ಒಳ್ಳೆ ಕೋಚ್ ಆಗಿರಬಹುದು. ಹಾಗಾದರೆ 2004ರ ಫೈನಲ್‌ನಲ್ಲೂ ಕೋಚ್‌ಗಳ ಪಕ್ಕದಲ್ಲೇ ನಿಲ್ಲಿಸಬೇಕಿತ್ತು.

ಹ್ಯಾಮಿಲ್ಟನ್ ಹೆಗಡೆ:
ಇದು ಚೆನ್ನಾಗಿತ್ತು.

ಕ್ಯಾಲ್ಗರಿ ಕಿಟ್ಟಿ:
ಈ ಎಳೆ ಹಾಕಿದ್ದೇ ತಪ್ಪಾಯಿತು. ನಾನು ಕೇಳಿದ್ದು 282ರ ಬಗ್ಗೆ, ನೀವೆಲ್ಲ ಒಂದು ಭಾನುವಾರ ಮಧ್ಯಾಹ್ನದ ಪಂದ್ಯ ಹಿಡಿದುಕೊಂಡು ಕೂತಿದ್ದೀರಿ. 2009ರಲ್ಲಿ ಮ್ಯಾಥ್ಯೂಸ್ ದಾಖಲೆ ದಾಟಿದ ಮೇಲೂ ಅವರು ಇನ್ನೂ ಐವತ್ತು ಪಂದ್ಯ ಗೆದ್ದರು, ಅದರ ಬಗ್ಗೆ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಅವರನ್ನು 2014ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದವರೇನು ಕಣ್ಣು ಮುಚ್ಚಿಕೊಂಡು ಸೇರಿಸಿದರಾ?

ಲೆಕ್ಕದ ಮೇಷ್ಟ್ರು:
ಮ್ಯಾಥ್ಯೂಸ್ 2011ರಲ್ಲೇ ಸೇರಿದ್ದಾರೆ. ಮೂರು ವರ್ಷ ಮೊದಲು.

ಕ್ಯಾಲ್ಗರಿ ಕಿಟ್ಟಿ:
ನಾನು ಮಲಗುತ್ತೇನೆ.

ಎಡ್ಮಂಟನ್ ಈರಣ್ಣ:
ಮಲಗೋಕೆ ಮುಂಚೆ ಕ್ಯಾಂಬೆಲ್ ಬಗ್ಗೆ ಒಂದು ಮಾತು ಹೇಳಿ ಹೋಗ್ರಿ. ಇದು ನಾಲ್ಕನೇ ಸಲ.

ಕ್ಯಾಲ್ಗರಿ ಕಿಟ್ಟಿ:
ಕ್ಯಾಂಬೆಲ್ ಒಂದೇ ಒಂದು ಗ್ರೇ ಕಪ್ ಸೋತರು, 1977ರಲ್ಲಿ, ಮಾಂಟ್ರಿಯಲ್ ಎದುರು, 41-6. ಮೈದಾನ ಮಂಜುಗಡ್ಡೆ ಆಗಿತ್ತು, ಮಾಂಟ್ರಿಯಲ್‌ನವರು ಶೂಗೆ ಸ್ಟೇಪಲ್ ಪಿನ್ ಹೊಡೆದುಕೊಂಡು ಆಡಿದರು. ಆ ಮಾಂಟ್ರಿಯಲ್ ತಂಡದಲ್ಲಿ ಲೈನ್‌ಬ್ಯಾಕರ್ ಯಾರು ಗೊತ್ತಾ ಈರಣ್ಣ? ವಾಲಿ ಬುವೊನೊ. ಶುಭರಾತ್ರಿ.

ಎಡ್ಮಂಟನ್ ಈರಣ್ಣ:
ನಿಲ್ರಿ, ನಿಲ್ರಿ. 1978ರಲ್ಲಿ ಅದೇ ಮಾಂಟ್ರಿಯಲ್ ಎದುರು ಫೈನಲ್, 20-13ಕ್ಕೆ ಗೆದ್ದೆವು. 1979ರಲ್ಲೂ ಅದೇ ಮಾಂಟ್ರಿಯಲ್, 17-9. ಆಗಲೂ ನಿಮ್ಮ ಬುವೊನೊ ಆ ತಂಡದಲ್ಲೇ ಇದ್ದರು. ಕಿಟ್ಟಿಯವರೇ? ಮಲಗಿಬಿಟ್ಟರೇನು?

ಹಾಸನದ ಹುಡುಗ:
ಶೂಗೆ ಸ್ಟೇಪಲ್ ಹೊಡೆಯೋದು ನಿಯಮದಲ್ಲಿ ಇದೆಯಾ?

ರೆಜೈನಾ ರಾಘು:
ಅದಕ್ಕೆ ಬೇರೆ ಎಳೆ ಶುರು ಮಾಡು ತಮ್ಮಾ. ಏಕವಚನಕ್ಕೆ ಬೇಜಾರಿಲ್ಲ ತಾನೇ?